ಹಿಂದೆ ಎಲ್ಲೋ ಒಂದು ಸದ್ದು

ಎರಡು ವರ್ಷದ ಹಿಂದೆ, ಆಗಸ್ಟ್ ತಿಂಗಳ ಕೊನೆಯಲ್ಲಿ, ಉಡುಪಿಯ ನೆಂಟರ ಮನೆಯ ಪೂಜೆ ಮುಗಿಸಿಕೊಂಡು, ಹೆಬ್ರಿ ಮತ್ತು ಸೋಮೇಶ್ವರ ದಾಟಿ, ಸುರಿಯುವ ಮಳೆಯಲ್ಲಿ ಆಗುಂಬೆ ಘಾಟಿ ಹತ್ತುತ್ತಿದ್ದಾಗ, ನಡುವಿನ ಸೀಟಿನಲ್ಲಿ ಕುಳಿತಿದ್ದ ಅಮ್ಮ, "ಹಿಂದೆ ಯಾರೋ ಒನಕೆ ಹಾಕಿದ ಹಾಗೆ ಕೇಳ್ತದಲ್ಲೋ" ಎಂದಳು. ಇಂಜಿನ್ನಿನ ಮೊರೆತ, ವೈಪರಿನ ಓಡಾಟ ಮತ್ತು ಮಳೆಯ ಸದ್ದಿನ ನಡುವೆ ನನಗೆ ಏನೂ ಕೇಳಿಸಲಿಲ್ಲ. ಹೇಳಿದ ಮೇಲೆ ಕಿವಿಗೊಟ್ಟೆ. ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಅರ್ಧದಷ್ಟು ಮುಗಿದಿದ್ದವು. ಉಳಿದ ಪ್ರತಿಯೊಂದು ತಿರುವಿನ ಬಳಿಯೂ, ಸೀಟುಗಳ ಹಿಂದಿನ ಕತ್ತಲೆಯಲ್ಲಿ ಎಲ್ಲಿಂದಲೋ, ದಡ್ ಎಂದು ಒಂದೇ ಒಂದು ಸಲ ಸದ್ದಾಯಿತು. ಒಂದು ಸಲ ಕೇಳಿಸಿಕೊಂಡ ಸದ್ದನ್ನು ಕೇಳಿಸಿಕೊಳ್ಳದೆ ಇರುವುದು ಸಾಧ್ಯವಿಲ್ಲ. ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ನನಗೆ ಆ ದಡ್ ಜೊತೆಗೆ ಇನ್ನೂ ಮೂರು ಬಗೆಯ ಸದ್ದುಗಳು ಕೇಳತೊಡಗಿದ್ದವು.

ಗಾಡಿ ಏಳು ಸೀಟಿನ ಡೀಸೆಲ್ ಎಸ್‌ಯುವಿ. ಆಗ ಅದಕ್ಕೆ ಒಂಬತ್ತು ವರ್ಷ ತುಂಬಿತ್ತು, 1,18,000 ಕಿಲೋಮೀಟರ್ ಓಡಿತ್ತು. ಲಾರಿಗಳಿಗೆ ಇರುವಂತೆಯೇ ಕೆಳಗೆ ಉಕ್ಕಿನ ಚಾಸಿ, ಅದರ ಮೇಲೆ ರಬ್ಬರ್ ದಿಂಬುಗಳನ್ನಿಟ್ಟು ಕೂರಿಸಿದ ಬಾಡಿ. ಹಿಂದೆ ಎರಡು ಚಕ್ರಗಳನ್ನೂ ಜೋಡಿಸುವ ಇಡೀ ಹೌಸಿಂಗ್, ಅದರ ಮೇಲೆ ಕಾಯಿಲ್ ಸ್ಪ್ರಿಂಗ್. ಸ್ಟೆಪ್ನಿ ಹಿಂದಿನ ಬಾಗಿಲಿನ ಬೆನ್ನ ಮೇಲೆ. ಇಂಥ ಗಾಡಿಯ ಹಿಂಭಾಗವೆಂದರೆ ಸಡಿಲವಾಗಬಹುದಾದ ವಸ್ತುಗಳ ಒಂದು ಸಂತೆ. ಸೆಡಾನ್ ಕಾರಿನಲ್ಲಿ ಡಿಕ್ಕಿಗೂ ಕೂರುವ ಜಾಗಕ್ಕೂ ನಡುವೆ ಸೀಟಿನ ಬೆನ್ನು ಮತ್ತು ತಗಡಿನ ಅಡ್ಡಗೋಡೆ ಇರುವುದರಿಂದ ಅಲ್ಲಿನ ಗಲಾಟೆ ಅಲ್ಲಿಯೇ ಉಳಿಯುತ್ತದೆ. ಎಸ್‌ಯುವಿಯಲ್ಲಿ ಹಿಂದಿನ ಬಾಗಿಲಿನವರೆಗೂ ಒಂದೇ ಕೋಣೆ. ಗುಡಾಣದೊಳಗೆ ಬಿದ್ದ ಕಲ್ಲಿನಂತೆ ಪ್ರತಿ ಸದ್ದೂ ಸುತ್ತು ಹೊಡೆದು ನಮ್ಮ ಕಿವಿಗೆ ಬರುತ್ತದೆ.

ಇದರ ಜೊತೆಗೆ ಕಿವಿಯ ಮಿತಿಯೊಂದಿದೆ, ಅದು ನನಗೆ ತಿಳಿದದ್ದು ತಡವಾಗಿ. ಸದ್ದು ಎಡದಿಂದ ಬಂತೋ ಬಲದಿಂದ ಬಂತೋ ಎಂಬುದನ್ನು ನಾವು ನಿರ್ಧರಿಸುವುದು ಮುಖ್ಯವಾಗಿ ಎರಡು ಕಿವಿಗಳಿಗೆ ಅದು ತಲುಪುವ ಕಾಲದ ವ್ಯತ್ಯಾಸದಿಂದ ಮತ್ತು ಜೋರಿನ ವ್ಯತ್ಯಾಸದಿಂದ. ತಲೆಯ ಅಗಲ ಚಿಕ್ಕದಾದ್ದರಿಂದ ಆ ಕಾಲದ ಅಂತರ ಅತಿ ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಮುಕ್ಕಾಲನ್ನೂ ಮುಟ್ಟುವುದಿಲ್ಲ. ಆದರೆ ನೇರ ಹಿಂದಿನಿಂದ ಬಂದ ಸದ್ದು ಎರಡೂ ಕಿವಿಗೆ ಒಟ್ಟಿಗೇ ಮುಟ್ಟುತ್ತದೆ, ನೇರ ಮುಂದಿನಿಂದ ಬಂದದ್ದೂ ಹಾಗೆಯೇ. ಬಯಲಿನಲ್ಲಾದರೆ ತಲೆಯನ್ನು ಸ್ವಲ್ಪ ಹೊರಳಿಸಿ ಗೊಂದಲ ಪರಿಹರಿಸಿಕೊಳ್ಳುತ್ತೇವೆ. ಸ್ಟಿಯರಿಂಗ್ ಹಿಡಿದವನಿಗೆ ಆ ಸ್ವಾತಂತ್ರ್ಯವಿಲ್ಲ. ಸಾಲದ್ದಕ್ಕೆ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವ ಸದ್ದು ಉಕ್ಕಿನೊಳಗೆ 5,000 ಮೀಟರಿಗೂ ಹೆಚ್ಚು ಹೋಗುತ್ತದೆ. ಹಿಂದಿನ ಹೌಸಿಂಗಿನ ಬಳಿ ಹುಟ್ಟಿದ ಪೆಟ್ಟು ಚಾಸಿಯ ಗುಂಟ ಓಡಿ, ಯಾವುದೋ ತೆಳು ತಗಡಿನಲ್ಲಿ ಹೊರಬಂದು, ಅಲ್ಲಿಯೇ ಹುಟ್ಟಿದ ಹಾಗೆ ನಟಿಸುತ್ತದೆ. ನಾನು ಮೊದಲ ಒಂದು ತಿಂಗಳು "ಎಲ್ಲಿ?" ಎಂದು ಹುಡುಕುತ್ತ ಕಳೆದೆ. ಹೆಂಡತಿ ಎಡಗಡೆ ಎಂದಳು, ಮಗ ಬಲಗಡೆ ಎಂದ, ನನಗೆ ನಡುವೆ ಎನ್ನಿಸಿತು. ಮೂವರೂ ಪ್ರಾಮಾಣಿಕರೇ.

ಶುರು ಮಾಡಿದ್ದು ಖರ್ಚಿಲ್ಲದ ಕೆಲಸದಿಂದ. ಒಂದು ಭಾನುವಾರ ಗಾಡಿಯ ಹಿಂಭಾಗವನ್ನು ಪೂರ್ತಿ ಬರಿದು ಮಾಡಿದೆ. ಒಂಬತ್ತು ವರ್ಷಗಳಲ್ಲಿ ಅಲ್ಲಿ ಏನೆಲ್ಲ ನೆಲೆಸಿತ್ತೆಂಬುದನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ: ಎರಡು ಛತ್ರಿ, ಒಂದು ತುಂಡು ಹಗ್ಗ, ಅರ್ಧ ಕೂಲಂಟ್ ಇದ್ದ ಡಬ್ಬಿ, ತೋಟಕ್ಕೆಂದು ತಂದು ಮರೆತ ಪಿವಿಸಿ ಎಲ್ಬೋಗಳು, ಬಲಗಡೆಯ ಪ್ಲಾಸ್ಟಿಕ್ ಗೂಡಿನಲ್ಲಿ ಒಂದು ಗೋಲಿ. ಎಲ್ಲವನ್ನೂ ಜಗುಲಿಯ ಮೇಲೆ ಹರಡಿ, ಖಾಲಿ ಗಾಡಿಯನ್ನು ಮನೆಯ ಹಿಂದಿನ ಕಲ್ಲುರಸ್ತೆಯಲ್ಲಿ ಹೆಜ್ಜೆ ವೇಗದಲ್ಲಿ ಓಡಿಸಲು ಮಗನಿಗೆ ಹೇಳಿ, ನಾನು ಹಿಂದಿನ ಜಾಗದಲ್ಲಿ ಅಂಗಾತ ಮಲಗಿದೆ. ನಮ್ಮದೇ ರಸ್ತೆ, ಬೇರೆ ವಾಹನದ ಸುಳಿವಿಲ್ಲ ಎಂಬ ಧೈರ್ಯ. ಡಾಂಬರು ರಸ್ತೆಯಲ್ಲಿ ಯಾರೂ ಹೀಗೆ ಮಾಡಬಾರದು. ಮಲಗಿದಾಗ ಕಿವಿಗಿಂತ ಕೈಯೇ ಹೆಚ್ಚು ಕೆಲಸಕ್ಕೆ ಬಂತು. ಸದ್ದು ಬರುವಾಗ ಒಂದೊಂದು ಭಾಗವನ್ನೂ ಅಂಗೈಯಿಂದ ಒತ್ತಿ ಹಿಡಿಯಬೇಕು; ಯಾವುದನ್ನು ಹಿಡಿದಾಗ ಸದ್ದು ನಿಲ್ಲುತ್ತದೋ ಅದೇ ಅಪರಾಧಿ. ಹೀಗೆ ಹಿಡಿಯುತ್ತ ಹೋದಾಗ ಸಿಕ್ಕಿಬಿದ್ದದ್ದು ಜಾಕ್. ಅದನ್ನು ಅದರ ಗೂಡಿನಲ್ಲಿ ಇಟ್ಟು, ತಿರುಪನ್ನು ಗೂಡಿನ ಎರಡೂ ಬದಿಗೆ ಬಿಗಿಯಾಗಿ ಒತ್ತಿಕೊಳ್ಳುವಷ್ಟು ಬಿಚ್ಚಿ ನಿಲ್ಲಿಸಬೇಕೆಂಬುದು ನನಗೆ ಗೊತ್ತೇ ಇರಲಿಲ್ಲ. ಕೊನೆಯ ಪಂಕ್ಚರಿನ ನಂತರ ಅದನ್ನು ಸುಮ್ಮನೆ ಒಳಗೆ ತುರುಕಿದ್ದೆ. ಅರ್ಧ ಸುತ್ತು ಬಿಗಿದಾಗ ಲೊಡಲೊಡ ಸದ್ದು ಹೋಯಿತು. ಮಡಚಿದ ಮೂರನೇ ಸಾಲಿನ ಸೀಟಿನ ಕೊಂಡಿಗೆ ಫೆಲ್ಟ್ ಪಟ್ಟಿ ಅಂಟಿಸಿದಾಗ ಗಲಗಲ ಸದ್ದೂ ಹೋಯಿತು. ಸೀಟ್ ಬೆಲ್ಟಿನ ಬಕಲ್‌ಗಳನ್ನು ತೂಗುಬಿಡದೆ ಸಿಕ್ಕಿಸಿಟ್ಟೆ. ಹೀಗೆ ಬರಿದು ಮಾಡಿ ಓಡಿಸಿ, ಒಂದೊಂದೇ ಸಾಮಾನನ್ನು ಮತ್ತೆ ಒಳಗಿಟ್ಟು ಓಡಿಸುವ ಈ ಕ್ರಮ ಬೇಸರದ್ದು, ಆದರೆ ಇದನ್ನು ಮಾಡದೆ ಗ್ಯಾರೇಜಿಗೆ ಹೋಗುವುದು ದುಡ್ಡು ಎಸೆದಂತೆ.

ಮೊಬೈಲನ್ನು ಹಿಂದೆ ಇಟ್ಟು ರೆಕಾರ್ಡ್ ಮಾಡುವ ಪ್ರಯತ್ನವನ್ನೂ ಮಾಡಿದೆ. ಮೊದಲ ಸಲ ರೆಕಾರ್ಡ್ ಆದದ್ದು ಮೊಬೈಲೇ ಕುಣಿದ ಸದ್ದು. ಕಾಲುಚೀಲದೊಳಗೆ ಹಾಕಿ ಇಟ್ಟಾಗ ಸ್ವಲ್ಪ ಸುಧಾರಿಸಿತು.

ನಂತರದ ಸರದಿ ಹಿಂದಿನ ಬಾಗಿಲಿನದು. ಸ್ಟೆಪ್ನಿ ಎಂಬ ಈ ಪದಕ್ಕೆ ಒಂದು ಸಣ್ಣ ಕತೆಯಿದೆ: ವೇಲ್ಸ್ ದೇಶದ ಲ್ಲಾನೆಲ್ಲಿ ಎಂಬ ಊರಿನಲ್ಲಿ 1904ರಲ್ಲಿ ಕಂಡುಹಿಡಿದ ಬದಲಿ ಚಕ್ರಕ್ಕೆ ಅಲ್ಲಿನ ಸ್ಟೆಪ್ನಿ ಬೀದಿಯ ಹೆಸರು ಅಂಟಿತು; ಅದು ಹುಟ್ಟಿದ ನಾಡಿನವರು ಆ ಪದವನ್ನು ಹೆಚ್ಚುಕಡಿಮೆ ಮರೆತಿದ್ದರೂ ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಅದು ಇಂದಿಗೂ ಬದುಕಿದೆ. ನನ್ನ ಗಾಡಿಯಲ್ಲಿ ಆ ಭಾರವೆಲ್ಲ ಬಾಗಿಲಿನ ಮೇಲೆ, ಬಾಗಿಲಿನ ಭಾರ ಬಲಗಡೆಯ ಎರಡು ಹಿಂಜುಗಳ ಮೇಲೆ. ವರ್ಷಗಳು ಕಳೆದಂತೆ ಬಾಗಿಲು ಕೂದಲೆಳೆಯಷ್ಟು ಜೋತುಬೀಳುತ್ತದೆ, ಬಾಗಿಲಿನ ಅಂಚಿನಲ್ಲಿರುವ ರಬ್ಬರ್ ಗುಬ್ಬಿಗಳು ಗಟ್ಟಿಯಾಗಿ ಕುಗ್ಗುತ್ತವೆ, ಆಗ ಬಾಗಿಲಿನ ಲಾಕು ಬಾಡಿಯ ಮೇಲಿನ ಕೊಂಡಿಯನ್ನು ಬಿಗಿಯಾಗಿ ಹಿಡಿಯದೆ ಕಚ್ಚಿ ಬಿಡುತ್ತಿರುತ್ತದೆ. ಇದನ್ನು ಪರೀಕ್ಷಿಸಲು ಒಂದು ಹಾಳೆ ಸಾಕು. ಬಾಗಿಲು ಹಾಕುವಾಗ ರಬ್ಬರ್ ಬೀಡಿಂಗಿನ ಮೇಲೆ ಹಾಳೆಯನ್ನಿಟ್ಟು, ಆಮೇಲೆ ಎಳೆಯಬೇಕು. ತಡೆದು ತಡೆದು ಬಂದರೆ ಸರಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದರೆ ಅಲ್ಲಿ ಒತ್ತಡವಿಲ್ಲ. ನನ್ನ ಬಾಗಿಲಿನ ಎಡಗಡೆಯ ಕೆಳಭಾಗದಲ್ಲಿ ಹಾಳೆ ತಾನಾಗಿಯೇ ಬಿದ್ದುಹೋಯಿತು. ಕೊಂಡಿಗೆ ಎರಡು ಸುತ್ತು ಬಟ್ಟೆಯ ಟೇಪ್ ಸುತ್ತಿ ಎರಡು ದಿನ ಓಡಿಸಿದೆ. ಕಟಕಟ ನಿಂತಿತು, ಅಂದರೆ ರೋಗ ಅಲ್ಲಿಯೇ ಎಂದು ಖಾತ್ರಿಯಾಯಿತು. ಟೇಪ್ ಕಿತ್ತು, ಕೊಂಡಿಯ ಬೋಲ್ಟುಗಳನ್ನು ಸಡಿಲಿಸಿ ಸ್ವಲ್ಪವೇ ಒಳಗೆ ಸರಿಸಿ, ರಬ್ಬರ್ ಗುಬ್ಬಿಗಳನ್ನು ತಿರುಗಿಸಿ ಎತ್ತರಿಸಿ, ಬೀಡಿಂಗಿಗೆ ಸಿಲಿಕೋನ್ ಗ್ರೀಸ್ ಸವರಿದೆ. ಮಾಮೂಲಿ ಗ್ರೀಸು ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ, ಅದನ್ನು ಹಚ್ಚಬಾರದು.

ಮೂರು ಸದ್ದು ಹೋದವು. ಅಮ್ಮನ ಒನಕೆ ಮಾತ್ರ ಉಳಿಯಿತು, ಮತ್ತು ಉಳಿದವುಗಳ ಮರೆ ತಪ್ಪಿದ್ದರಿಂದ ಮೊದಲಿಗಿಂತ ಸ್ಪಷ್ಟವಾಗಿ ಕೇಳತೊಡಗಿತು.

ಇಲ್ಲಿಂದ ಮುಂದೆ ನನ್ನ ಕೈಯಲ್ಲಿ ಆಗುವ ಕೆಲಸವಲ್ಲವೆಂದು ಕಂಪೆನಿಯ ವರ್ಕ್‌ಶಾಪಿಗೆ ಹೋದೆ. ಏರ್ ಕಂಡಿಷನ್ ಇರುವ ಕೋಣೆಯಲ್ಲಿ ಕುಳಿತ ತರುಣನೊಬ್ಬನಿಗೆ ನಾನು ಹತ್ತು ನಿಮಿಷ ವಿವರಿಸಿದೆ. ಲೊಡಲೊಡ ಅಲ್ಲ, ಕಟಕಟ ಅಲ್ಲ, ಠಣ್ ಎಂದೂ ಅಲ್ಲ; ದಡ್ ಎಂದು, ಒಂದೇ ಸಲ, ಮಂದವಾಗಿ. ಆತ ಅದನ್ನೆಲ್ಲ ಗೌರವದಿಂದ ಕೇಳಿಸಿಕೊಂಡು ಜಾಬ್ ಕಾರ್ಡಿನಲ್ಲಿ 'ರಿಯರ್ ನಾಯ್ಸ್' ಎಂಬ ಎರಡು ಪದ ಬರೆದ. ಕನ್ನಡದಂಥ ಭಾಷೆ, ಬಿಂದಿಗೆ ಉರುಳಿದರೆ ಒಂದು ಪದ, ತಟ್ಟೆ ಬಿದ್ದರೆ ಇನ್ನೊಂದು, ಕೊಬ್ಬರಿ ಗಿಟುಕು ಅಲ್ಲಾಡಿದರೆ ಮತ್ತೊಂದು ಎಂದು ಸದ್ದಿನ ಪದಗಳನ್ನು ರಾಶಿ ಹಾಕಿಕೊಂಡಿರುವ ಭಾಷೆ, ಆ ಕಾರ್ಡಿನ ಮೇಲೆ ಎರಡು ಪದಗಳಿಗೆ ಇಳಿದದ್ದನ್ನು ನೋಡಿ ಹೊಟ್ಟೆ ಚುರ್ ಎಂದಿತು. ಅವರು ಗಾಡಿಯನ್ನು ಎದುರಿನ ರಸ್ತೆಯ ಎರಡು ಹಂಪುಗಳ ಮೇಲೆ ಹಾಯಿಸಿದರು, ಹಿಂದಿನ ಶಾಕ್ ಅಬ್ಸಾರ್ಬರ್ ಎರಡನ್ನೂ ಬದಲಾಯಿಸಿದರು, 11,400 ರೂಪಾಯಿ ಪಡೆದರು. ಶಾಕ್‌ಗಳಿಗೂ ವಯಸ್ಸಾಗಿತ್ತು, ಹಾಗಾಗಿ ಮೋಸವೆಂದು ಹೇಳಲಾರೆ. ಗಾಡಿಯ ಕುಲುಕಾಟ ಕಡಿಮೆಯಾಯಿತು. ಮನೆಗೆ ಮರಳುವಾಗ ಮೊದಲ ದೊಡ್ಡ ತಿರುವಿನಲ್ಲಿ ಒನಕೆ ಬಿತ್ತು.

ಆ ಸಂಜೆ ಅಮ್ಮನನ್ನೇ ಕೇಳಿದೆ, ಒನಕೆ ಎಂದು ಯಾಕೆ ಹೇಳಿದೆ, ಸುತ್ತಿಗೆ ಎಂದು ಯಾಕೆ ಹೇಳಲಿಲ್ಲ ಎಂದು. ಅವಳು ಎಲೆಗೆ ಸುಣ್ಣ ಹಚ್ಚುತ್ತಲೇ, "ಸುತ್ತಿಗೆ ಆದ್ರೆ ಕಬ್ಬಿಣದ ಮೇಲೆ ಕಬ್ಬಿಣ. ಇದು ಹಂಗಲ್ಲ. ಒರಳಲ್ಲಿ ಭತ್ತ ಇರ್ವಾಗ ಒನಕೆ ಬಿದ್ದ ಹಂಗೆ. ಒಳಗೆ ಏನೋ ಮೆತ್ತಗಿಂದು ಇದೆ" ಎಂದಳು. ಜೀವಮಾನದಲ್ಲಿ ಒಮ್ಮೆಯೂ ಸ್ಟಿಯರಿಂಗ್ ಹಿಡಿಯದ ಅವಳು ಹೇಳಿದ ಈ ಮಾತಿನಲ್ಲಿ ಅರ್ಧ ರೋಗನಿರ್ಣಯ ಇತ್ತು. ಲೋಹಕ್ಕೆ ಲೋಹ ನೇರವಾಗಿ ಬಡಿದರೆ ಠಣ್ ಎನ್ನಬೇಕು. ಮಂದವಾಗಿ ದಡ್ ಎನ್ನುವುದೆಂದರೆ ನಡುವೆ ಇನ್ನೂ ರಬ್ಬರ್ ಇದೆ, ಆದರೆ ಅದು ತನ್ನ ಜಾಗದಲ್ಲಿ ಬಿಗಿಯಾಗಿ ಇಲ್ಲ. ಅಂದರೆ ಯಾವುದೋ ಒಂದು ಬುಷ್, ಕೀಲಿನಲ್ಲಿ ಲೋಹಕ್ಕೂ ಲೋಹಕ್ಕೂ ನಡುವೆ ಕೂರಿಸಿದ ರಬ್ಬರ್.

ಉಳಿದರ್ಧ ಪ್ರಶ್ನೆ, ಯಾವ ಬುಷ್ ಎಂಬುದು. ಹಿಂದಿನ ಹೌಸಿಂಗ್ ಒಂದಕ್ಕೇ ಹತ್ತಕ್ಕೂ ಹೆಚ್ಚು ಬುಷ್‌ಗಳಿವೆ. ಹೌಸಿಂಗ್ ಮೇಲೆ ಕೆಳಗೆ ಆಡಬೇಕು, ಆದರೆ ಹಿಂದೆ ಮುಂದೆ ಸರಿಯಬಾರದು. ಅದಕ್ಕಾಗಿ ಚಾಸಿಯಿಂದ ಉದ್ದುದ್ದ ಬಂದು ಅದನ್ನು ಹಿಡಿದಿರುವ ನಾಲ್ಕು ತೋಳುಗಳು. ಎಡಬಲಕ್ಕೂ ಸರಿಯಬಾರದು, ಅದಕ್ಕಾಗಿ ಅಡ್ಡಲಾಗಿ ಒಂದು ಸರಳು, ಅದರ ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಹೌಸಿಂಗಿಗೆ. ಫ್ರಾನ್ಸಿನ ಹಳೆಯ ಕಾರು ಕಂಪೆನಿಯೊಂದರ ಹೆಸರಿನಿಂದ ಅದಕ್ಕೆ ಪ್ಯಾನ್‌ಹಾರ್ಡ್ ರಾಡ್ ಎಂಬ ಹೆಸರು. ಈ ಐದರ ಎರಡೆರಡು ತುದಿಗೂ ಒಂದೊಂದು ಬುಷ್. ಅವುಗಳ ಜೊತೆಗೆ ಶಾಕ್‌ಗಳ ಬುಷ್, ತಿರುವಿನಲ್ಲಿ ಗಾಡಿ ಹೆಚ್ಚು ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರಿನ ಬುಷ್ ಮತ್ತು ಲಿಂಕ್. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿಬಿಡಿ ಎನ್ನುವವರೂ ಇದ್ದಾರೆ. ರೋಗ ಗೊತ್ತಾಗದೆ ಹತ್ತು ಮಾತ್ರೆ ಒಟ್ಟಿಗೆ ನುಂಗಿಸುವ ಆ ವಿಧಾನ ನನಗೆ ಒಪ್ಪಿಗೆಯಾಗುವುದಿಲ್ಲ.

ಅಂದು ಒಂದು ನೂರು ಪುಟದ ಪುಸ್ತಕ ತಂದು ಗಾಡಿಯಲ್ಲಿಟ್ಟೆ. ಸದ್ದು ಎಲ್ಲಿಂದ ಬಂತೆಂದು ಬರೆಯುವುದನ್ನು ಬಿಟ್ಟು, ಅದು ಬಂದಾಗ ಗಾಡಿ ಏನು ಮಾಡುತ್ತಿತ್ತು ಎಂಬುದನ್ನು ಮಾತ್ರ ಬರೆಯುತ್ತ ಹೋದೆ. ಮೂರು ವಾರಗಳಲ್ಲಿ ಪುಟಗಳು ಮಾತಾಡತೊಡಗಿದವು. ಎರಡೂ ಚಕ್ರ ಒಟ್ಟಿಗೆ ಏರುವ ಹಂಪಿನಲ್ಲಿ ಸದ್ದು ಇಲ್ಲ. ಒಂದೇ ಚಕ್ರ ಗುಂಡಿಗೆ ಇಳಿದರೆ ಇದೆ. ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಅದೇ ಗುಂಡಿಯ ಮೇಲೆ ಹೋದರೂ ಇದೆ, ಹಾಗಾಗಿ ಬ್ರೇಕಿನ ಬಿಡಿಭಾಗಗಳ ಸದ್ದಲ್ಲ. ನಿಂತ ಗಾಡಿಯನ್ನು ರಿವರ್ಸಿನಿಂದ ಮೊದಲ ಗೇರಿಗೆ ಬದಲಾಯಿಸಿದಾಗ ಇಲ್ಲ, ಹಾಗಾಗಿ ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಆಗಲಿ ಕ್ರೌನ್ ಪಿನಿಯನ್ ಆಗಲಿ ಆಗಿರುವ ಸಂಭವ ಕಡಿಮೆ. ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿದ್ದರೂ ಒಂದೇ ತರ, ಹಾಗಾಗಿ ಡೀಸೆಲ್ ಟ್ಯಾಂಕಿನ ಗೋಡೆಗೆ ಅಪ್ಪಳಿಸುವ ಸದ್ದೂ ಅಲ್ಲ. ಎಡ ತಿರುವು ಮುಗಿದು ಬಲ ತಿರುವು ಶುರುವಾಗುವ ಆ ಗಳಿಗೆಯಲ್ಲಿ, ಗಾಡಿಯ ಭಾರ ಒಂದು ಬದಿಯಿಂದ ಇನ್ನೊಂದು ಬದಿಗೆ ಹೊರಳುವಾಗ, ಪ್ರತಿ ಸಲವೂ, ಒಂದೇ ಸಲ ಇದೆ. ವರ್ಕ್‌ಶಾಪಿನವರು ನೆಟ್ಟಗಿನ ರಸ್ತೆಯ ಹಂಪುಗಳ ಮೇಲೆ ಹಾಯಿಸಿ ಹುಡುಕಿದ್ದು ಸಿಗದೆ ಹೋದದ್ದರಲ್ಲಿ ಆಶ್ಚರ್ಯವಿರಲಿಲ್ಲ.

ಈ ಪುಸ್ತಕ ಹಿಡಿದುಕೊಂಡು ಊರಿನಲ್ಲೇ ಹೊಸದಾಗಿ ಶುರುವಾಗಿದ್ದ ಒಂದು ಗ್ಯಾರೇಜಿಗೆ ಹೋದೆ. ಎರಡು ಕಂಬದ ಲಿಫ್ಟ್, ಥಳಥಳಿಸುವ ನೆಲ. ಗಾಡಿಯನ್ನು ಎತ್ತಿ, ನಾಲ್ಕೂ ಚಕ್ರ ಗಾಳಿಯಲ್ಲಿ ತೂಗಾಡುತ್ತಿರುವಾಗ ಟಾರ್ಚ್ ಬಿಟ್ಟು ನೋಡಿದರು. ಪ್ಯಾನ್‌ಹಾರ್ಡ್ ರಾಡಿನ ಚಾಸಿ ಕಡೆಯ ಬುಷ್‌ನಲ್ಲಿ ಬಿರುಕು ಕಂಡಿತು, ಬದಲಾಯಿಸಿದರು, ಗಾಡಿ ಮೇಲಿರುವಾಗಲೇ ಬೋಲ್ಟನ್ನು ಗನ್ನಿನಿಂದ ಬಿಗಿದರು. ಸದ್ದು ಹೋಯಿತು. ನಾನು ಸಿಹಿ ಹಂಚಿದೆ ಎಂದರೆ ನಂಬಬೇಕು. ಐದನೇ ತಿಂಗಳಿಗೆ ಸದ್ದು ಮರಳಿತು.

ಕೊನೆಗೆ ಶಿವಮೊಗ್ಗದಲ್ಲಿ, ಹಳೆಯ ಜೀಪುಗಳನ್ನೇ ನೋಡಿಕೊಳ್ಳುವ ಒಬ್ಬ ಮೇಸ್ತ್ರಿಯ ಬಳಿಗೆ ಗೆಳೆಯನೊಬ್ಬ ಕರೆದುಕೊಂಡು ಹೋದ. ಎಪ್ಪತ್ತರ ಆಸುಪಾಸಿನ ವಯಸ್ಸು, ಮೂಗಿನ ತುದಿಯಲ್ಲಿ ಕನ್ನಡಕ. ಪುಸ್ತಕವನ್ನು ನಿಧಾನವಾಗಿ ಓದಿದರು. ಬೇರೆ ಯಾರೂ ಓದಿರಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಲಿಫ್ಟ್ ಇತ್ತು, ನಾನು ಅತ್ತ ನೋಡಿದ್ದನ್ನು ಗಮನಿಸಿ, "ಲಿಫ್ಟ್ ಬ್ಯಾಡ ಸಾರ್, ಪಿಟ್ ಮೇಲೆ ತಗಳ್ಳಿ. ಗಾಲಿ ನೆಲದ ಮೇಲೆ ಇರ್ಲಿ" ಎಂದರು. ಮೇಸ್ತ್ರಿ ಪಿಟ್ಟಿಗೆ, ಅಂದರೆ ಗಾಡಿಯ ಅಡಿಯ ಗುಂಡಿಗೆ, ಇಳಿದರು, ಅವರ ಇಬ್ಬರು ಹುಡುಗರು ಗಾಡಿಯ ಎರಡು ಬದಿಗೆ ನಿಂತು ಮೇಲಿನ ರೂಫ್ ರೈಲ್ ಹಿಡಿದು ತೊಟ್ಟಿಲು ತೂಗಿದ ಹಾಗೆ ಗಾಡಿಯನ್ನು ಎಡಕ್ಕೂ ಬಲಕ್ಕೂ ತೂಗಿದರು. ದಡ್. ದಡ್. ದಡ್. ಒಂದು ವರ್ಷದಿಂದ ಓಡುವ ಗಾಡಿಯಲ್ಲಿ ಮಾತ್ರ ಕೇಳಿದ್ದ ಸದ್ದು ನಿಂತ ಗಾಡಿಯಲ್ಲಿ, ಹಗಲು ಬೆಳಕಿನಲ್ಲಿ, ಕೇಳಿದಷ್ಟು ಸಲ ಕೇಳಿಸಿತು. ಅವರು ನನ್ನನ್ನೂ ಕೆಳಗೆ ಕರೆದು, ರಾಡಿನ ತುದಿಯ ಮೇಲೆ ನನ್ನ ಹೆಬ್ಬೆರಳನ್ನು ಇಡಿಸಿದರು. ಪ್ರತಿ ತೂಗಿಗೂ ಬುಷ್‌ನ ಒಳಗಿನ ಕೊಳವೆ ರಾಡಿನ ತುದಿಯ ಬಳೆಯೊಳಗೆ ಒಂದೆರಡು ಮಿಲಿಮೀಟರ್ ಸರಿದು ಗೋಡೆಗೆ ಒರಗುತ್ತಿತ್ತು. ಚಕ್ರಗಳು ಗಾಳಿಯಲ್ಲಿ ತೂಗಾಡುವಾಗ ಆ ರಾಡನ್ನು ಎಡಬಲಕ್ಕೆ ತಳ್ಳುವ ಬಲವೇ ಇರುವುದಿಲ್ಲ. ಲಿಫ್ಟಿನ ಮೇಲೆ ಈ ಆಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಐದು ತಿಂಗಳ ಹಿಂದೆ ಹಾಕಿದ ಬುಷ್ ಇಷ್ಟು ಬೇಗ ಹರಿದದ್ದು ಹೇಗೆ ಎಂದು ಕೇಳಿದ್ದಕ್ಕೆ ಅವರು ಹಳೆಯ ಬುಷ್ ಒಂದನ್ನು ಕೈಯಲ್ಲಿ ಹಿಡಿದು ತೋರಿಸಿದರು. ಹೊರಗೆ ಉಕ್ಕಿನ ಬಳೆ, ಒಳಗೆ ಉಕ್ಕಿನ ಕೊಳವೆ, ನಡುವೆ ಎರಡಕ್ಕೂ ಅಂಟಿದ ರಬ್ಬರ್. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಚಾಸಿಯ ಬ್ರಾಕೆಟ್ಟಿಗೆ ಕಚ್ಚಿಕೊಂಡು ಅಲ್ಲಾಡದೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ರಾಡು ಮೇಲೆ ಕೆಳಗೆ ಆಡುವುದೆಲ್ಲ ರಬ್ಬರ್ ತಿರುಚಿಕೊಳ್ಳುವುದರಿಂದ ಮಾತ್ರ, ಅಲ್ಲಿ ಯಾವುದೂ ಜಾರಿ ತಿರುಗುವುದಿಲ್ಲ. ಗಾಡಿಯನ್ನು ಎತ್ತಿ ಹಿಡಿದಾಗ ಹೌಸಿಂಗ್ ಪೂರ್ತಿ ಕೆಳಗೆ ಜೋತುಬಿದ್ದಿರುತ್ತದೆ, ರಾಡು ಓರೆಯಾಗಿರುತ್ತದೆ. ಆ ಸ್ಥಿತಿಯಲ್ಲಿ ಬಿಗಿದರೆ ಆ ಓರೆಯೇ ರಬ್ಬರಿನ ಪಾಲಿಗೆ ವಿಶ್ರಾಂತಿಯ ಸ್ಥಿತಿಯಾಗಿಬಿಡುತ್ತದೆ. ಗಾಡಿ ನೆಲಕ್ಕಿಳಿದ ಕೂಡಲೇ ರಬ್ಬರ್ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು, ಶೆಡ್ಡಿನಲ್ಲಿ ನಿಂತಿರುವ ರಾತ್ರಿಗಳಲ್ಲೂ ಹಾಗೆಯೇ ಇರುತ್ತದೆ. ಮೇಸ್ತ್ರಿ ಹೊಸ ಬುಷ್ ಹಾಕಿ, ಬೋಲ್ಟನ್ನು ಬೆರಳಿನಲ್ಲಿ ಮಾತ್ರ ಬಿಗಿದು, ಹುಡುಗರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಗಾಡಿಯನ್ನು ಎರಡು ಸಲ ಅಮುಕಿ ಬಿಟ್ಟು ಅದು ತನ್ನ ಎತ್ತರಕ್ಕೆ ಬಂದು ನಿಂತ ಮೇಲೆ ಪಿಟ್ಟಿನೊಳಗಿನಿಂದಲೇ, ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಬಿಗಿದರು. ಒಟ್ಟು 900 ರೂಪಾಯಿ ಆಯಿತು. ಸಾವಿರ ಕೊಟ್ಟದ್ದಕ್ಕೆ ನೂರನ್ನು ಮರಳಿಸಿದರು.

ಅದಾಗಿ ಈಗ ಎಂಟು ತಿಂಗಳು. ಕಳೆದ ವಾರ ಅಮ್ಮನನ್ನು ಕರೆದುಕೊಂಡು ಮತ್ತೆ ಉಡುಪಿಗೆ ಹೋಗುವುದಿತ್ತು. ಬೆಳಗಿನ ಎಂಟು ಗಂಟೆಗೆ ಆಗುಂಬೆಯ ಚೆಕ್‌ಪೋಸ್ಟ್ ದಾಟಿ ಇಳಿಯತೊಡಗಿದೆವು. ಒಂದೊಂದು ತಿರುವಿನಲ್ಲೂ ನನ್ನ ಹೆಗಲು ತಾನಾಗಿಯೇ ಬಿಗಿಯಾಗಿ, ಏನೂ ಕೇಳದೆ, ಸಡಿಲವಾಗುತ್ತಿತ್ತು. ಸೋಮೇಶ್ವರ ದಾಟಿ, ಮರಗಳು ಮುಗಿದು ಗದ್ದೆ ಬಯಲು ಶುರುವಾದ ಮೇಲೆ ಅಮ್ಮ ಹಿಂದಿನಿಂದ, "ಅದು ಹೋಯ್ತು. ಈಗ ಗಾಜಿನ ಹತ್ರ ಏನೋ ಟಿಕ್ ಟಿಕ್ ಅಂತದೆ" ಎಂದಳು.

"ಯಾವಾಗ?" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನೆರಳಲ್ಲಿ ಇರ್ಲಿಲ್ಲ. ಬಿಸಿಲು ಬಿದ್ದ ಮೇಲೆ" ಎಂದಳು.

ಹೆಬ್ರಿಯಲ್ಲಿ ಚಹಕ್ಕೆ ನಿಲ್ಲಿಸಿದಾಗ ಪುಸ್ತಕ ತೆಗೆದು, ಹೊಸ ಪುಟದಲ್ಲಿ ತಾರೀಕು ಹಾಕಿ, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡೆ. ಬಿಸಿಲಿಗೆ ಉಕ್ಕಿಗಿಂತ ಪ್ಲಾಸ್ಟಿಕ್ ಹಲವು ಪಟ್ಟು ಹೆಚ್ಚು ಹಿಗ್ಗುತ್ತದೆ. ಎಡಗಡೆಯ ಕಿಟಕಿಯ ಪಕ್ಕದ ಪ್ಲಾಸ್ಟಿಕ್ ಪಟ್ಟಿಯ ಕ್ಲಿಪ್ ಇರಬಹುದು. ಫೆಲ್ಟ್ ಪಟ್ಟಿ ಇನ್ನೂ ಅರ್ಧ ಸುರುಳಿ ಉಳಿದಿದೆ.